ಗಿರಣಿಯ ಬೆಲ್ಟು ಬದಲಿಸುವ ಬಗೆ

ಹಿಟ್ಟಿನ ಗಿರಣಿ ನಮಗೆಲ್ಲ ಗೊತ್ತು. ರಾಗಿ ಹಾಕುತ್ತೇವೆ, ಜೋಳ ಹಾಕುತ್ತೇವೆ. ಹಿಟ್ಟು ಬರುತ್ತದೆ. ಈಗ ಎಷ್ಟೋ ಊರುಗಳಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಗಿರಣಿ ಇಟ್ಟುಕೊಂಡವರಿದ್ದಾರೆ. ಹೆಂಗಸರ ಸಂಘಗಳೂ ಗಿರಣಿ ನಡೆಸುತ್ತವೆ.

ಗಿರಣಿಯಲ್ಲಿ ಒಂದು ಕಡೆ ಮೋಟರು, ಇನ್ನೊಂದು ಕಡೆ ಬೀಸುವ ಕಲ್ಲು. ಎರಡಕ್ಕೂ ಒಂದೊಂದು ಪುಲ್ಲಿ ಇದೆ. ಎರಡು ಪುಲ್ಲಿಗಳನ್ನು ಸುತ್ತಿ ಓಡುವುದೇ ಬೆಲ್ಟು. ಬೆಲ್ಟು ಹರಿದರೆ ಏನಾಗುತ್ತದೆ? ಮೋಟರು ಬರಿದೇ ತಿರುಗುತ್ತದೆ. ಕಲ್ಲು ನಿಲ್ಲುತ್ತದೆ. ರಾಗಿ ಹೊತ್ತು ಬಂದವರು ಪಕ್ಕದ ಊರಿಗೆ ಹೋಗುತ್ತಾರೆ.

ಬೆಲ್ಟು ಒಂದೇ ದಿನಕ್ಕೆ ಹರಿಯುವುದಿಲ್ಲ. ಮೊದಲೇ ಹೇಳುತ್ತದೆ. ಮೋಟರು ಹಾಕಿದ ಕೂಡಲೇ ಕಿರ್ರ್ ಅನ್ನುತ್ತದೆ. ಸುಟ್ಟ ರಬ್ಬರಿನ ವಾಸನೆ ಬರುತ್ತದೆ. ಬೆಲ್ಟಿನ ಕೆಳಗೆ ನೆಲದ ಮೇಲೆ ಕಪ್ಪು ಪುಡಿ ಬೀಳುತ್ತದೆ. ಬೆಲ್ಟು ಜಾರಿದರೆ ಕಲ್ಲಿನ ವೇಗ ಇಳಿಯುತ್ತದೆ, ಹಿಟ್ಟು ನಿಧಾನ ಬರುತ್ತದೆ. ಗಿರಣಿ ನಿಲ್ಲಿಸಿ ಬೆಲ್ಟಿನ ಒಳಮೈ ನೋಡಿ. ಒಣಗಿದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿದ್ದರೆ ಅದರ ಆಯುಸ್ಸು ಮುಗಿಯಿತು.

ಕಿರ್ರ್ ಅಂದ ಕೂಡಲೇ ಕೆಲವರು ಸೋಪು ಹಚ್ಚುತ್ತಾರೆ. ಕೆಲವರು ರಾಳದ ಪುಡಿ ಎರಚುತ್ತಾರೆ. ಎಣ್ಣೆ ಬಿಡುವವರೂ ಉಂಟು. ಯಾವುದನ್ನೂ ಹಾಕ್ಬೇಡಿ. ಯಾಕೆ ಅಂದರೆ, ಈ ಬೆಲ್ಟು ಬೆಣೆಯ ಹಾಗೆ ಕೆಲಸ ಮಾಡುತ್ತದೆ. ಮೇಲೆ ಅಗಲ, ಕೆಳಗೆ ಕಿರಿದು. ಪುಲ್ಲಿಯ ಅಂಚಿನಲ್ಲಿ ಕಾಲುವೆಯಂಥ ಹಳ್ಳ ಇದೆಯಲ್ಲ, ಅದರೊಳಗೆ ಬೆಲ್ಟು ಬಿಗಿಯಾಗಿ ಕೂರುತ್ತದೆ. ಅದು ಹಿಡಿಯುವುದು ಎರಡು ಪಕ್ಕಗಳಿಂದ, ತಳದಿಂದ ಅಲ್ಲ. ಎಣ್ಣೆ ತಾಗಿದರೆ ಪಕ್ಕದ ಹಿಡಿತ ಹೋಗುತ್ತದೆ, ರಬ್ಬರೂ ಕೆಡುತ್ತದೆ. ಪುಲ್ಲಿಯ ಹಳ್ಳದ ತಳ ತಿಕ್ಕಿ ತಿಕ್ಕಿ ಹೊಳೆಯುತ್ತಿದೆಯೇ? ಹಾಗಾದರೆ ಬೆಲ್ಟು ತಳಕ್ಕೆ ಇಳಿದಿದೆ. ಬೆಲ್ಟೋ ಪುಲ್ಲಿಯೋ ಸವೆದಿದೆ ಎಂದು ತಿಳಿಯಿರಿ.

ಹೊಸ ಬೆಲ್ಟು ತರಲು ಪೇಟೆಗೆ ಹೋದಿರಿ. ಅಂಗಡಿಯವರು ಮೊದಲು ಕೇಳುವುದು, "ಯಾವ ನಂಬರಮ್ಮಾ?"

ಈಗ ನಮ್ಮ ಓದು ಕೆಲಸಕ್ಕೆ ಬರುತ್ತದೆ. ಹಳೇ ಬೆಲ್ಟಿನ ಬೆನ್ನನ್ನು ಬಟ್ಟೆಯಿಂದ ಒರೆಸಿ. ಒಂದು ಇಂಗ್ಲಿಷ್ ಅಕ್ಷರ, ಅದರ ಪಕ್ಕ ಅಂಕಿ ಕಾಣುತ್ತದೆ. ಅಕ್ಷರ ಬೆಲ್ಟಿನ ಗಾತ್ರ ಹೇಳುತ್ತದೆ. ಗುಡಿಸಲಿನ ಆಕಾರಕ್ಕೆ ನಡುವೆ ಅಡ್ಡಗೆರೆ ಇದ್ದರೆ ಅದು ಎ. ಎ ಬೆಲ್ಟಿನ ಮೇಲಗಲ 13 ಮಿಲಿಮೀಟರ್. ನೆಟ್ಟಗಿನ ಗೆರೆಗೆ ಬಲಗಡೆ ಎರಡು ಹೊಟ್ಟೆ ಇದ್ದರೆ ಅದು ಬಿ. ಅಗಲ 17 ಮಿಲಿಮೀಟರ್. ಬಲಕ್ಕೆ ಬಾಯಿ ತೆರೆದ ಅರ್ಧಚಂದ್ರ ಇದ್ದರೆ ಅದು ಸಿ. ಅಗಲ 22 ಮಿಲಿಮೀಟರ್. ಅಕ್ಷರದ ಪಕ್ಕದ ಅಂಕಿ ಬೆಲ್ಟಿನ ಉದ್ದ. ಬಿ 78 ಎಂದಿದ್ದರೆ ಒಳಸುತ್ತು 78 ಇಂಚು ಎಂದರ್ಥ.

ನಂಬರು ಅಳಿಸಿಹೋಗಿದೆಯೇ? ಹಳೇ ಬೆಲ್ಟನ್ನೇ ಹೆಗಲಿಗೆ ಹಾಕಿಕೊಂಡು ಹೋಗಿ. ಅಳೆಯುವುದಾದರೆ ಒಳಗಡೆಯೇ ಅಳೆಯಿರಿ. ಬಿ ಬೆಲ್ಟಿನ ಹೊರಸುತ್ತು ಒಳಸುತ್ತಿಗಿಂತ ಎರಡೂವರೆ ಇಂಚಿಗೂ ಹೆಚ್ಚು. ಹೊರಗೆ ಅಳೆದು ತಂದರೆ ಸಡಿಲ ಆಗೋದು ಖಂಡಿತ.

ಗಿರಣಿಗೆ ಎರಡು ಮೂರು ಬೆಲ್ಟು ಇದ್ದರೆ ಎಲ್ಲವನ್ನೂ ಒಟ್ಟಿಗೇ ಬದಲಿಸಿ. ಹಳೇ ಬೆಲ್ಟು ಹಿಗ್ಗಿರುತ್ತದೆ. ಹೊಸದು ಬಿಗಿ ಇರುತ್ತದೆ. ಜೊತೆಗೆ ಹಾಕಿದರೆ ಭಾರವೆಲ್ಲ ಹೊಸದರ ಮೇಲೆ. ಒಂದು ಎತ್ತು ಎಳೆದು ಇನ್ನೊಂದು ಸುಮ್ಮನೆ ನಡೆದ ಹಾಗೆ. ದುಡ್ಡು ಉಳಿಸಲು ಹೋಗಿ ಹೊಸ ಬೆಲ್ಟನ್ನೂ ಕಳೆದುಕೊಳ್ಳುತ್ತೇವೆ.

ಇನ್ನು ಬದಲಿಸುವ ಕೆಲಸ. ಅದಕ್ಕೆ ಮುಂಚೆ ಒಂದು ಲೆಕ್ಕ ಮಾಡೋಣ. ಗಿರಣಿಯ ಮೋಟರು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 24 ಸುತ್ತು. ಮೋಟರಿನ ಪುಲ್ಲಿ 6 ಇಂಚು ಅಗಲ ಇದೆ ಅಂತ ಇಟ್ಟುಕೊಳ್ಳಿ. ಅದರ ಸುತ್ತಳತೆ ಸುಮಾರು 19 ಇಂಚು. 19ನ್ನು 24ರಿಂದ ಗುಣಿಸಿ. 456 ಇಂಚು. ಅಂದರೆ 38 ಅಡಿ. ಬೆಲ್ಟು ಒಂದು ಸೆಕೆಂಡಿನಲ್ಲಿ 38 ಅಡಿ ಓಡುತ್ತದೆ! ಸೆರಗೋ ಜಡೆಯೋ ಸಿಕ್ಕಿದರೆ ಸ್ವಿಚ್ಚಿನ ಕಡೆ ಕೈ ಚಾಚಲೂ ಹೊತ್ತು ಇರುವುದಿಲ್ಲ. ಓಡುವ ಪುಲ್ಲಿಗೆ ಕೈಯಿಂದ ಬೆಲ್ಟು ಏರಿಸಲು ಹೋದವರ ಬೆರಳು ಹೋಗುತ್ತದೆ.

"ಹೇಗೂ ಕರೆಂಟು ಹೋಗಿದೆ, ಈಗಲೇ ಬದಲಿಸಿಬಿಡೋಣ" ಅನ್ನುವವರಿದ್ದಾರೆ. ಇದು ಎಲ್ಲಕ್ಕಿಂತ ಅಪಾಯ. ಹೋದ ಕರೆಂಟು ಯಾವಾಗ ಬರುತ್ತದೆ ಅಂತ ಲೈನ್‌ಮನ್ನಿಗೂ ಒಂದೊಂದು ಸಲ ಗೊತ್ತಿರಲ್ಲ. ಸ್ಟಾರ್ಟರ್ ಸರಿ ಇಲ್ಲದಿದ್ದರೆ, ಅಥವಾ ಅದಕ್ಕೆ ಕಡ್ಡಿ ಸಿಕ್ಕಿಸಿ ಇಟ್ಟಿದ್ದರೆ, ಕರೆಂಟು ಬಂದ ಕೂಡಲೇ ಮೋಟರು ತಿರುಗುತ್ತದೆ. ನಮ್ಮ ಕೈ ಪುಲ್ಲಿಯ ಮೇಲಿರುತ್ತದೆ. ಆದ್ದರಿಂದ ಕರೆಂಟು ಇರಲಿ, ಇಲ್ಲದಿರಲಿ, ಮೈನ್ ಸ್ವಿಚ್ ಆಫ್ ಮಾಡಿ. ಮೂರೂ ಫ್ಯೂಸ್ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಫ್ಯೂಸ್ ಇಲ್ಲದೆ ಎಂಸಿಬಿ ಇದ್ದರೆ ಅದನ್ನು ಇಳಿಸಿ, ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈ ನಿಮ್ಮಲ್ಲೇ ಇರಲಿ. ಸ್ವಿಚ್ ಆಫ್ ಮಾಡಿದ ಮೇಲೂ ಕಲ್ಲು ಸ್ವಲ್ಪ ಹೊತ್ತು ತಿರುಗುತ್ತದೆ. ಪೂರ್ತಿ ನಿಲ್ಲಲಿ. ಸೆರಗು ಸೊಂಟಕ್ಕೆ ಕಟ್ಟಿ. ಮಕ್ಕಳು ಹೊರಗಿರಲಿ.

ಈಗ ಜಾಲರಿ ಬಿಚ್ಚಿ. ಮೋಟರಿನ ಬುಡದ ನಟ್ಟುಗಳನ್ನು ಸ್ಪ್ಯಾನರಿನಿಂದ ಸಡಿಲಿಸಿ. ಬೋಲ್ಟು ಕೂರುವ ತೂತು ಉದ್ದಕ್ಕೆ ಇರುತ್ತದೆ. ಮೋಟರನ್ನು ಕಲ್ಲಿನ ಕಡೆಗೆ ಸರಿಸಿ. ಹಳೇ ಬೆಲ್ಟು ತಾನೇ ಸಡಿಲವಾಗಿ ಕೈಗೆ ಬರುತ್ತದೆ. ಹೊಸದನ್ನು ಹಾಗೇ ಕೂರಿಸಿ. ಹಾರೆ, ಸ್ಕ್ರೂಡ್ರೈವರ್ ಕೊಟ್ಟು ಮೀಟಿ ಏರಿಸಬೇಡಿ. ಬೆಲ್ಟಿನ ಒಳಗೆ ದಾರಗಳಿವೆ. ಮೀಟಿದರೆ ಅವು ಒಳಗೇ ಹರಿಯುತ್ತವೆ. ಹೊರಗೆ ಕಾಣುವುದಿಲ್ಲ.

ಮೋಟರನ್ನು ಹಿಂದಕ್ಕೆ ಎಳೆದು ಬೆಲ್ಟು ಬಿಗಿ ಮಾಡಿ. ಎರಡು ಪುಲ್ಲಿಗಳ ಮುಖಕ್ಕೆ ತಾಗುವಂತೆ ಒಂದು ದಾರ ಎಳೆದು ಹಿಡಿಯಿರಿ. ಪುಲ್ಲಿಗಳ ಮುಖ ಒಂದೇ ದಪ್ಪದ್ದಾದರೆ ದಾರ ಎರಡೂ ಪುಲ್ಲಿಗಳ ಎರಡೆರಡು ಅಂಚಿಗೂ ತಾಗಬೇಕು. ಎಲ್ಲಾದರೂ ಸಂದು ಕಂಡರೆ ಮೋಟರು ಸೊಟ್ಟ ಕೂತಿದೆ. ಸರಿಪಡಿಸಿ ನಟ್ಟು ಬಿಗಿಯಿರಿ. ಆಮೇಲೆ ಬೆಲ್ಟಿನ ನಡುವೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಪುಲ್ಲಿಗಳ ನಡುವೆ ಒಂದು ಮೀಟರ್ ಇದ್ದರೆ ಒಂದೂವರೆ ಸೆಂಟಿಮೀಟರ್‌ನಷ್ಟು ತಗ್ಗಬೇಕು. ಅದಕ್ಕಿಂತ ತಗ್ಗಿದರೆ ಸಡಿಲ, ಜಾರುತ್ತದೆ. ತಗ್ಗಲೇ ಇಲ್ಲ ಅಂದರೆ ಅತಿ ಬಿಗಿ, ಬೇರಿಂಗ್ ಕಾಯುತ್ತದೆ.

ಇಲ್ಲೊಂದು ಮಾತು. ಗಿರಣಿಯ ಬೆಲ್ಟು ಹಾಕಲು ಬಂತು ಅಂತ ಮನೆಯ ಓಮ್ನಿ ವ್ಯಾನಿನ ಎಂಜಿನ್ನಿಗೆ ಕೈ ಹಾಕಬೇಡಿ. ಅದರೊಳಗಿನ ಟೈಮಿಂಗ್ ಬೆಲ್ಟಿಗೆ ಹಲ್ಲುಗಳಿವೆ. ಪಿಸ್ಟನ್ನಿನ ದಂಡ ಎರಡು ಸುತ್ತು ತಿರುಗಿದಾಗ ವಾಲ್ವಿನ ದಂಡ ಸರಿಯಾಗಿ ಒಂದು ಸುತ್ತು ತಿರುಗಬೇಕು. ಗಿರಣಿಯ ಬೆಲ್ಟನ್ನು ಎಲ್ಲಿಂದ ಏರಿಸಿದರೂ ನಡೆಯುತ್ತದೆ. ಅಲ್ಲಿ ಒಂದು ಹಲ್ಲು ತಪ್ಪಿದರೂ ಎಂಜಿನ್ನು ಸರಿಯಾಗಿ ಓಡುವುದಿಲ್ಲ. ತಾಳ ಪೂರ್ತಿ ತಪ್ಪಿದರೆ ಎಷ್ಟೋ ಎಂಜಿನ್ನುಗಳಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿದು ಬಗ್ಗಿಸುತ್ತದೆ. ಗುರುತು ನೋಡಿ ಕೂರಿಸಲು ಕಲಿತವರೇ ಅದನ್ನು ಮಾಡಲಿ.

ಬೆಲ್ಟು ಕೂತಿತು. ಜಾಲರಿಯನ್ನು ಮರೆಯದೆ ಹಾಕಿ. "ಆಮೇಲೆ ಹಾಕಿದರಾಯ್ತು" ಅಂತ ಮೂಲೆಗೆ ಇಟ್ಟ ಜಾಲರಿಗಳನ್ನು ನಾವು ಬೇಕಾದಷ್ಟು ಗಿರಣಿಗಳಲ್ಲಿ ನೋಡಿದ್ದೇವೆ. ಜಾಲರಿ ಹಾಕಿದ ಮೇಲೆಯೇ ಫ್ಯೂಸ್ ಸಿಕ್ಕಿಸಿ ಮೋಟರು ಹಾಕಿ. ಹೊಸ ಬೆಲ್ಟು ಮೊದಲ ದಿನ ಕೊಂಚ ಹಿಗ್ಗುತ್ತದೆ. ಒಂದು ದಿನ ಬೀಸಿದ ಮೇಲೆ ಮತ್ತೆ ಫ್ಯೂಸ್ ಕಿತ್ತು, ಹೆಬ್ಬೆರಳಿನಿಂದ ಒತ್ತಿ ನೋಡಿ, ಬೇಕಾದರೆ ಇನ್ನಷ್ಟು ಬಿಗಿ ಮಾಡಿ. ಬೆಲ್ಟಿನ ನಂಬರನ್ನೂ ಹಾಕಿದ ತಾರೀಕನ್ನೂ ಗಿರಣಿಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ನೀವೇ ಬರೆದಿಡಿ.