ಪಾರ್ಕಿನ ಬೋರ್ಡು ಬರೆದವನು ನಾನೇ

ನಮ್ಮ ಬಡಾವಣೆಯ ಪಾರ್ಕಿನ ಗೇಟಿನಲ್ಲಿ ಹಳದಿ ಬಣ್ಣದ ಒಂದು ಬೋರ್ಡಿದೆ. ‘ಚೆಂಡಾಟ ಆಡಬಾರದು. ಸೈಕಲ್, ಸ್ಕೂಟರ್ ತರಬಾರದು. ಹೂ ಕೀಳಬಾರದು. ಹುಲ್ಲಿನ ಮೇಲೆ ನಡೆಯಬಾರದು. ಗಲಾಟೆ ಮಾಡಬಾರದು.’ ಹನ್ನೆರಡು ವರ್ಷದ ಹಿಂದೆ ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿದ್ದಾಗ ಈ ಒಕ್ಕಣೆ ಬರೆದುಕೊಟ್ಟವನು ನಾನೇ. ಬ್ಯಾಂಕಿನಲ್ಲಿ ಸರ್ಕ್ಯುಲರ್ ಓದಿ ಓದಿ ಹಣ್ಣಾದವನಿಗೆ ‘ಬಾರದು’ ಎಂಬ ಪದ ಸಲೀಸಾಗಿ ಬರುತ್ತಿತ್ತು.

ಕಳೆದ ವರ್ಷ ಬೇಸಿಗೆ ರಜೆಯಲ್ಲಿ ಎದುರುಮನೆಯ ಮೂರನೇ ಕ್ಲಾಸಿನ ಹುಡುಗಿ ತನ್ನ ಗುಲಾಬಿ ಸ್ಕೂಟರ್ ಹಿಡಿದು ಗೇಟಿನಲ್ಲಿ ನಿಂತು ಆ ಬೋರ್ಡನ್ನು ಅಕ್ಷರ ಕೂಡಿಸಿ ಪೂರ್ತಿ ಓದಿದಳು. ಆಮೇಲೆ ನನ್ನ ಕಡೆ ತಿರುಗಿ, “ತಾತ, ಹಾಗಾದ್ರೆ ಒಳಗೆ ಏನು ಮಾಡಬಹುದು?” ಅಂದಳು.

“ಕೂತ್ಕೋಬಹುದಮ್ಮ” ಅಂದೆ.

ಅವಳು ಕೂರಲಿಲ್ಲ. ಸ್ಕೂಟರ್ ತಳ್ಳಿಕೊಂಡು ರಸ್ತೆಗೆ ಹೋದಳು. ನಾಲ್ಕು ದಿನ ಕಳೆದಿರಬೇಕು, ಮೂಲೆಮನೆಯ ತಿರುವಿನಲ್ಲಿ ಜಲ್ಲಿಕಲ್ಲಿಗೆ ಚಕ್ರ ಸಿಕ್ಕಿ ಮುಗ್ಗರಿಸಿ ಬಿದ್ದಳು. ಮುಂದಿನ ಹಲ್ಲು ಅರ್ಧ ಮುರಿಯಿತು. ಹಿಂದೆ ಬರುತ್ತಿದ್ದ ನೀರಿನ ಟ್ಯಾಂಕರ್ ಅವಳಿಂದ ಎರಡು ಮಾರು ದೂರದಲ್ಲಿ ನಿಂತಿತು. ಟ್ಯಾಂಕರಿನ ಡ್ರೈವರ್ ಕೆಳಗಿಳಿದು ಫುಟ್‌ಪಾತಿನ ಮೇಲೆ ಕುಸಿದು ಕೂತುಬಿಟ್ಟ. ಅವನಿಗೆ ನೀರು ತಂದುಕೊಟ್ಟವನು ನಾನು.

ಇದು ಪೆಟ್ರೋಲ್ ಸ್ಕೂಟರ್ ಅಲ್ಲ, ಒಂದು ಕಾಲು ಹಲಗೆಯ ಮೇಲಿಟ್ಟು ಇನ್ನೊಂದರಲ್ಲಿ ನೆಲ ಒದ್ದು ಓಡಿಸುವ ಗಾಡಿ. ನಾವು ಚಿಕ್ಕವರಿದ್ದಾಗ ಗ್ಯಾರೇಜಿನವರ ಕೈಕಾಲು ಹಿಡಿದು ಸವೆದ ಬೇರಿಂಗ್ ಸಂಪಾದಿಸಿ, ಹಲಗೆಗೆ ಮೊಳೆ ಹೊಡೆದು ಬೇರಿಂಗ್ ಗಾಡಿ ಮಾಡುತ್ತಿದ್ದೆವಲ್ಲ, ಅದರ ಮೊಮ್ಮಗ ಅನ್ನಿ. ಈಗಿನ ಮಡಚುವ ಸ್ಕೂಟರನ್ನು ರೂಪಿಸಿದವರಲ್ಲಿ ಪ್ರಮುಖ ಸ್ವಿಟ್ಜರ್ಲೆಂಡಿನ ವಿಮ್ ಔಬೋಟರ್. ಸಾಸೇಜ್ ತಿನ್ನಲು ಹೋಗಬೇಕಿದ್ದ ಅಂಗಡಿ ನಡೆಯಲು ದೂರ, ಕಾರು ತೆಗೆಯಲು ಹತ್ತಿರ, ಹಾಗಾಗಿ ಹುಟ್ಟಿದ ಯೋಚನೆಯಂತೆ. ಅವರು ಬ್ಯಾಂಕಿನಲ್ಲಿ ಕೆಲಸ ಮಾಡಿದವರು ಎಂದು ತಿಳಿದಾಗ ನನಗೆ ಸುಮ್ಮನೆ ಖುಷಿಯಾಯಿತು.

ಈ ಗಾಡಿಯ ತೊಂದರೆ ಇರುವುದು ಚಕ್ರದಲ್ಲಿ. ಸೈಕಲ್ ಚಕ್ರ ದೊಡ್ಡದು, ಕಲ್ಲು ಸಿಕ್ಕರೆ ಹತ್ತಿ ಇಳಿಯುತ್ತದೆ. ಸ್ಕೂಟರಿನದು ಅಂಗೈ ಅಗಲದ ಗಟ್ಟಿ ಚಕ್ರ. ಸಣ್ಣ ಕಲ್ಲು ಸಿಕ್ಕರೂ ಗಾಡಿ ಥಟ್ಟನೆ ನಿಲ್ಲುತ್ತದೆ, ಮಗು ಮಾತ್ರ ಮುಂದಕ್ಕೆ ಹೋಗುತ್ತದೆ. ಅದಕ್ಕೆ ನುಣುಪಾದ ನೆಲವೇ ಆಗಬೇಕು.

ಜೂನ್‌ನಲ್ಲಿ ಸಭೆ ಸೇರಿತು. ಪಾರ್ಕಿನ ಹಿಂಬದಿ, ಹೊಂಗೆಮರದ ಪಕ್ಕ ಬಿರುಕುಬಿಟ್ಟ ಹಳೆಯ ಶಟಲ್ ಕೋರ್ಟಿದೆ. ಅದನ್ನೂ ಪಕ್ಕದ ಹುಲ್ಲನ್ನೂ ಸೇರಿಸಿ ಮಕ್ಕಳಿಗೆ ಸ್ಕೂಟರ್ ಜಾಗ ಮಾಡೋಣ ಎಂಬುದು ಚಿಕ್ಕ ವಯಸ್ಸಿನ ತಂದೆತಾಯಂದಿರ ಕೋರಿಕೆ. ವಿರೋಧ ಜೋರಾಗಿಯೇ ಬಂತು. ನಿವೃತ್ತ ಮೇಷ್ಟ್ರೊಬ್ಬರು, “ನಮಗೆ ಉಳಿದಿರೋದೇ ಸಂಜೆಯ ಒಂದು ಗಂಟೆ ನೆಮ್ಮದಿ. ಅದನ್ನೂ ಕಿತ್ಕೊಳ್ತೀರಾ?” ಎಂದರು. ಮಂಡಿ ಆಪರೇಷನ್ ಆದವರೊಬ್ಬರಿಗೆ ಸ್ಕೂಟರ್ ಬಂದು ಗುದ್ದೀತೆಂಬ ದಿಗಿಲು. ಇವು ಹಗುರಾಗಿ ತಳ್ಳಿಹಾಕುವ ಮಾತಲ್ಲ, ನನ್ನದೂ ಅದೇ ವಯಸ್ಸು.

ಆದರೆ ಇನ್ನೊಂದು ಮಾತು ಬಂತು: “ಹಿಂದಿನ ಬೀದಿ ಹುಡುಗರೆಲ್ಲ ಬಂದು ತುಂಬ್ಕೋತಾರೆ.” ಹಿಂದಿನ ಬೀದಿಯಲ್ಲಿರುವುದು ಗಾರೆ ಕೆಲಸದವರ, ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವವರ ಸಂಸಾರಗಳು. ಸಭೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ. ಮನೆಗೆ ಬಂದ ಮೇಲೆ ನನ್ನಾಕೆ, “ಬೆಳಗ್ಗೆ ಅವರಮ್ಮ ನಮ್ಮ ಅಡುಗೆಮನೆಗೆ ಬರ್ತಾಳೆ, ಸಂಜೆ ಮಗ ಪಾರ್ಕಿಗೆ ಬರಬಾರದೋ?” ಎಂದಳು. ಅದೇ ‘ಬಾರದು’!

ಮಾರನೆಯ ದಿನದಿಂದ ಒಂದು ವಾರ ಹಳೇ ಡೈರಿ ಹಿಡಿದು ಪಾರ್ಕಿನಲ್ಲಿ ಕೂತೆ. ಬಂದವರ ಲೆಕ್ಕ ಬರೆದೆ, ಅಷ್ಟೇ ನನಗೆ ಬರುವ ವಿದ್ಯೆ. ಹಿರಿಯರ ಕಾಲಂ ಬೆಳಗಿನ ಹೊತ್ತು ತುಂಬಿತ್ತು, ಸಂಜೆ ಆರರ ಮೇಲೆ ಮತ್ತೆ ತುಂಬುತ್ತಿತ್ತು. ನಾಲ್ಕರಿಂದ ಆರರವರೆಗೆ ಕಲ್ಲುಬೆಂಚುಗಳು ಖಾಲಿ. ರಸ್ತೆಯಲ್ಲಿ ಮಕ್ಕಳಿದ್ದದ್ದು ಸರಿಯಾಗಿ ಅದೇ ಹೊತ್ತಿನಲ್ಲಿ.

ಎರಡನೇ ಸಭೆಗೆ ಡೈರಿ ಒಯ್ದೆ. ಅಲ್ಲಿ ವಕೀಲೆಯೊಬ್ಬರು ಬೇರೆಯೇ ಎಚ್ಚರಿಕೆ ಹೇಳಿದರು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಡಲು ಹೊರಟಾಗ ನಿವಾಸಿಗಳು ಕೋರ್ಟಿಗೆ ಹೋಗಿದ್ದರು, 1991ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಆಸ್ಪತ್ರೆ ಒಳ್ಳೆಯದೇ, ಆದರೆ ಅದಕ್ಕಾಗಿ ಪಾರ್ಕು ಹೋಗಕೂಡದು. ಪಾರ್ಕು, ಆಟದ ಬಯಲುಗಳನ್ನು ಉಳಿಸಲು ನಮ್ಮ ರಾಜ್ಯದಲ್ಲಿ 1985ರ ಕಾಯ್ದೆಯೂ ಇದೆ. “ಮಕ್ಕಳ ಹೆಸರಲ್ಲಿ ಹುಲ್ಲಿನ ಮೇಲೆ ಸಿಮೆಂಟ್ ಹಾಕಿದ್ರೆ, ನಾಳೆ ಅದೇ ಸಿಮೆಂಟಿನ ಮೇಲೆ ಸಮುದಾಯ ಭವನ ಕೇಳ್ತಾರೆ” ಎಂದರು ಆಕೆ. ಸ್ಕೂಟರ್ ಪರವಾಗಿದ್ದವರೇ ಇದಕ್ಕೆ ತಲೆಯಾಡಿಸಿದರು. ಹುಲ್ಲು ಮುಟ್ಟುವುದು ಬೇಡ, ಹಳೇ ಕೋರ್ಟನ್ನಷ್ಟೇ ರಿಪೇರಿ ಮಾಡೋಣ ಎಂದಾಯಿತು.

ಹಿಂದಿನ ಬೀದಿಯ ಪ್ರಶ್ನೆ ಹಾಗೇ ಉಳಿದಿತ್ತು. ಅದಕ್ಕೆ ಒಬ್ಬ ತರುಣ ತಂದೆ ಮಧ್ಯಪ್ರದೇಶದ ಪನ್ನಾ ಬಳಿಯ ಜನವಾರ್ ಹಳ್ಳಿಯ ಕತೆ ಹೇಳಿದ. ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ ಎಂಬಾಕೆ 2015ರಲ್ಲಿ ಅಲ್ಲಿ ಸ್ಕೇಟಿಂಗ್ ಪಾರ್ಕ್ ಕಟ್ಟಿಸಿದರು. ಶಾಲೆಗೆ ಹೋಗದವರಿಗೆ ಸ್ಕೇಟಿಂಗ್ ಇಲ್ಲ, ಹೆಣ್ಣುಮಕ್ಕಳಿಗೆ ಮೊದಲ ಸರದಿ, ಇವು ಅಲ್ಲಿನ ಮುಖ್ಯ ನಿಯಮಗಳು. ಬೇರೆ ಬೇರೆ ಕೇರಿಗಳಲ್ಲಿದ್ದ ಆದಿವಾಸಿಗಳ ಮಕ್ಕಳೂ ಯಾದವರ ಮಕ್ಕಳೂ ಒಂದೇ ಕಾಂಕ್ರೀಟಿನ ಮೇಲೆ ಆಡತೊಡಗಿದರು. “ಬಿದ್ದಾಗ ಎತ್ತೋರು ಯಾವ ಕೇರಿಯವರು ಅಂತ ಯಾರು ಕೇಳ್ತಾರೆ ಸರ್?” ಎಂದ ಆ ಹುಡುಗ.

ಕೈ ಎತ್ತಿಸಿದರು. ನಾಲ್ಕೇ ಕೈಗಳ ಅಂತರದಲ್ಲಿ ಒಪ್ಪಿಗೆಯಾಯಿತು. ಸಮಯ ನಾಲ್ಕರಿಂದ ಆರು. ಹೆಲ್ಮೆಟ್ ಕಡ್ಡಾಯ. ನಡೆಯುವ ದಾರಿಗೂ ಕೋರ್ಟಿಗೂ ನಡುವೆ ಗಿಡಗಳ ಬೇಲಿ. ಇಂಟರ್‌ಲಾಕ್ ಹಾಕಿಸೋಣ, ಅಂದವಾಗಿರುತ್ತೆ ಎಂದವರಿದ್ದರು. ಅದರ ಸಂದಿಗಳಲ್ಲೇ ಸಣ್ಣ ಚಕ್ರ ತಡವರಿಸುವುದರಿಂದ ಸಿಮೆಂಟನ್ನೇ ನೀರು ನಿಲ್ಲದಂತೆ ಸ್ವಲ್ಪ ಇಳಿಜಾರಾಗಿ ತೀಡಿಸಿದೆವು. ಚಂದಾ ಹಣದಲ್ಲಿ ಮಿಕ್ಕದ್ದರಿಂದ ಮೂರು ಸ್ಕೂಟರ್, ಮೂರು ಹೆಲ್ಮೆಟ್ ಕೊಂಡು ವಾಚ್‌ಮನ್ ಕೋಣೆಯಲ್ಲಿಟ್ಟಿದ್ದೇವೆ, ಸ್ವಂತದ್ದಿಲ್ಲದ ಮಕ್ಕಳಿಗೆ. ಸರದಿಗಾಗಿ ದಿನಾ ಜಗಳ ಇದ್ದೇ ಇದೆ.

ಮೇಷ್ಟ್ರು ನನ್ನ ಜೊತೆ ಇನ್ನೂ ಸರಿಯಾಗಿ ಮಾತಾಡುವುದಿಲ್ಲ. ಆರಕ್ಕೆ ಐದು ನಿಮಿಷ ಇರುವಾಗ ಬಂದು, ಕೋರ್ಟಿಗೆ ಬೆನ್ನು ಹಾಕಿ ಕೂತು, ಗಡಿಯಾರ ನೋಡುತ್ತಾರೆ.

ಬೋರ್ಡಿನಲ್ಲಿ ಎರಡನೆಯ ಸಾಲಿಗೆ ಮಾತ್ರ ಹಳದಿ ಬಣ್ಣ ಬಳಿಸಿದ್ದೇವೆ. ಒಂದೇ ಕೋಟ್ ಆದ್ದರಿಂದ ಬಿಸಿಲಲ್ಲಿ ಹಳೇ ಅಕ್ಷರ ಮಸುಕಾಗಿ ಕಾಣುತ್ತದೆ. ಈಗ ಹೊಂಗೆ ಹೂ ಉದುರುವ ಕಾಲ. ಹೂವಿನ ಮೇಲೆ ಚಕ್ರ ಜಾರುವುದರಿಂದ ವಾಚ್‌ಮನ್ ನಾಲ್ಕಕ್ಕೆ ಮುಂಚೆ ಕೋರ್ಟು ಗುಡಿಸಬೇಕು. ಅವನು ರಜೆ ಹಾಕಿದ ದಿನ ಪೊರಕೆ ನನ್ನ ಕೈಗೆ ಬರುತ್ತದೆ. ಮುರುಕು ಹಲ್ಲಿನ ಹುಡುಗಿ ಹೆಲ್ಮೆಟ್ ಹಾಕಿಕೊಂಡು, “ಆ ಮೂಲೇಲಿ ಇನ್ನೂ ಇದೆ ತಾತ” ಎಂದು ಬೆರಳು ತೋರಿಸುತ್ತ ನಿಂತಿರುತ್ತಾಳೆ.