ಎಳನೀರು, ನಿಂಬೆ, ಸಿಟ್ರೇಟ್: ಕಿಡ್ನಿ ಕಲ್ಲನ್ನು ತಡೆಯುವುದು ಯಾವುದು?

ನಮ್ಮ ಗಂಡಸಿ ಹೋಬಳಿಯಲ್ಲಿ ತೆಂಗು ಇದೆ, ಬಿಸಿಲೂ ಇದೆ. ತೋಟದಲ್ಲಿ ಬೆವರು ಸುರಿಸಿ ನೀರು ಕಡಿಮೆ ಕುಡಿದರೆ ಮೂತ್ರ ಗಟ್ಟಿಯಾಗಿ, ಅದರಲ್ಲಿನ ಕ್ಯಾಲ್ಸಿಯಂ ಆಕ್ಸಲೇಟಿನೊಡನೆ ಸೇರಿ ಹರಳುಗಟ್ಟುತ್ತದೆ. ಹೆಚ್ಚಿನವರ ಕಿಡ್ನಿ ಕಲ್ಲು ಈ ಬಗೆಯದು. ಮೂತ್ರದಲ್ಲಿ ಸಿಟ್ರೇಟ್ ಸಾಕಷ್ಟಿದ್ದರೆ ಅದು ಕ್ಯಾಲ್ಸಿಯಂ ಅನ್ನು ಹಿಡಿದು ಕರಗಿದ ಸ್ಥಿತಿಯಲ್ಲೇ ಇಡುತ್ತದೆ, ಹರಳುಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನೂ ತಡೆಯುತ್ತದೆ. ದಿನದ ಮೂತ್ರದಲ್ಲಿ 320 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅದನ್ನು ಕೊರತೆ ಎನ್ನುವುದು ವಾಡಿಕೆ.

ನುಂಗಿದ ಸಿಟ್ರೇಟ್ ಹಾಗೆಯೇ ಮೂತ್ರಕ್ಕೆ ಇಳಿಯುವುದಿಲ್ಲ. ಬಹುಪಾಲು ದೇಹದೊಳಗೆ ಬೈಕಾರ್ಬನೇಟ್ ಆಗುತ್ತದೆ. ರಕ್ತದಲ್ಲಿ ಕ್ಷಾರ ತುಸು ಹೆಚ್ಚಿದಾಗ, ಕಿಡ್ನಿ ತಾನು ಮರಳಿ ಹೀರಿಕೊಳ್ಳುತ್ತಿದ್ದ ಸಿಟ್ರೇಟನ್ನು ಮೂತ್ರಕ್ಕೆ ಬಿಡುತ್ತದೆ. ಜೊತೆಗೆ ಮೂತ್ರದ ಪಿಎಚ್ ಏರುತ್ತದೆ, ಅಂದರೆ ಅದರ ಆಮ್ಲತೆ ತಗ್ಗುತ್ತದೆ. ಪಿಎಚ್ 5.5ಕ್ಕಿಂತ ಕೆಳಗಿದ್ದಾಗ ಕಟ್ಟುವ ಯೂರಿಕ್ ಆಸಿಡ್ ಕಲ್ಲು 6.5ರ ಆಸುಪಾಸಿನಲ್ಲಿ ಕರಗಲೂಬಹುದು. ಆದರೆ ಪಿಎಚ್ 7 ದಾಟಿತೆಂದರೆ ಕ್ಯಾಲ್ಸಿಯಂ ಫಾಸ್ಫೇಟ್ ಕಲ್ಲಿನ ಭಯ; ಸೋಂಕಿನಿಂದ ಬೆಳೆಯುವ ಕಲ್ಲಿಗೂ ಕ್ಷಾರದ ಮೂತ್ರವೇ ಅನುಕೂಲ. ಆದ್ದರಿಂದ ಬಿದ್ದ ಕಲ್ಲನ್ನು ಎಸೆಯದೆ ಪರೀಕ್ಷೆಗೆ ಕೊಡಿ. ಮತ್ತೆ ಮತ್ತೆ ಕಲ್ಲಾಗುವವರು 24 ಗಂಟೆಯ ಮೂತ್ರ ಪರೀಕ್ಷೆಯನ್ನು ವೈದ್ಯರಲ್ಲಿ ಕೇಳಿ ಮಾಡಿಸಿಕೊಳ್ಳಲೇಬೇಕು.

ಉರಿಮೂತ್ರಕ್ಕೆಂದು ಮೆಡಿಕಲ್ ಸ್ಟೋರಿನಲ್ಲಿ ಕೊಡುವ ಸಿರಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಡೈಸೋಡಿಯಂ ಹೈಡ್ರೋಜನ್ ಸಿಟ್ರೇಟ್. ಅದೂ ಪಿಎಚ್ ಏರಿಸುತ್ತದೆ ನಿಜ, ಆದರೆ ಸೋಡಿಯಂ ಹೆಚ್ಚಿದಷ್ಟೂ ಮೂತ್ರಕ್ಕೆ ಕ್ಯಾಲ್ಸಿಯಂ ಹೆಚ್ಚು ಇಳಿಯುತ್ತದೆ. ಕ್ಯಾಲ್ಸಿಯಂ ಕಲ್ಲು ಮರುಕಳಿಸದಂತೆ ವೈದ್ಯರು ಪೊಟ್ಯಾಸಿಯಂ ಸಿಟ್ರೇಟ್ ಬರೆಯುವುದು ಇದೇ ಕಾರಣಕ್ಕೆ. ಬಾಟಲಿಯ ಮೇಲಿನ ಹೆಸರನ್ನು ಓದಿ ನೋಡಿ.

ನಿಂಬೆಹಣ್ಣಿನಲ್ಲಿರುವುದು ಬಹುತೇಕ ಸಿಟ್ರಿಕ್ ಆಮ್ಲ. ಆ ಆಮ್ಲವೇ ಕ್ಷಾರದ ಲಾಭವನ್ನು ತಿಂದುಹಾಕುವುದರಿಂದ ಪಿಎಚ್ ಅಷ್ಟಾಗಿ ಏರದು. ಆದರೂ ಉಪ್ಪು ಹಾಕದ ನಿಂಬೆ ಪಾನಕ ಒಳ್ಳೆಯದೇ, ಆ ನೆಪದಲ್ಲಿ ಹೊಟ್ಟೆಗೆ ನೀರು ಹೋಗುತ್ತದೆ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಬರುವಷ್ಟು ನೀರು ಕುಡಿಯದಿದ್ದರೆ ಯಾವ ಮಾತ್ರೆಯೂ ಪೂರ್ತಿ ಕೆಲಸ ಮಾಡದು. ನಮ್ಮ ಎಳನೀರಿನಲ್ಲಿ ಪೊಟ್ಯಾಸಿಯಂ ಸಮೃದ್ಧ. 2018ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಕಲ್ಲಿಲ್ಲದ ಆರೋಗ್ಯವಂತರು ಎಳನೀರು ಕುಡಿದಾಗ ಮೂತ್ರದ ಸಿಟ್ರೇಟ್ ಹೆಚ್ಚಿತ್ತು. ಅದನ್ನೇ ನಂಬಿ ಮಾತ್ರೆ ಬಿಡುವಷ್ಟು ಪುರಾವೆ ಅದಲ್ಲ.

ಕಿಡ್ನಿ ಸೊರಗಿದವರು, ಬಿಪಿಗೆ ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರನೊಲ್ಯಾಕ್ಟೋನ್ ನುಂಗುವವರು ಈ ಪೊಟ್ಯಾಸಿಯಂ ವಿಷಯದಲ್ಲಿ ಬಹಳ ಎಚ್ಚರವಾಗಿರಬೇಕು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಇಂಥವರು ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಸರಿ ಎಂದ ಮೇಲೆಯೇ ಸಿಟ್ರೇಟ್ ಮಾತ್ರೆ ತೆಗೆದುಕೊಳ್ಳಬೇಕು. ದಿನಾ ಎಳನೀರು ಕುಡಿಯುವುದಕ್ಕೂ ಅವರನ್ನು ಕೇಳಬೇಕು.