ಉಪ್ಪು ನೆಲದಲ್ಲಿ ಕಿನೋವಾ

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರದಲ್ಲಿರುವ ಬೊಲಿವಿಯಾದ ಉಯುನಿ ಉಪ್ಪುಬಯಲಿನ ಸುತ್ತಮುತ್ತ ಮಳೆ ಅತ್ಯಲ್ಪ, ರಾತ್ರಿಯ ಚಳಿ ನೀರು ಹೆಪ್ಪುಗಟ್ಟುವಷ್ಟು, ಮಣ್ಣಿನಲ್ಲಿ ಉಪ್ಪಿನಂಶ ಹೇರಳ. ಬೇರೆ ಬೆಳೆಗಳು ಏಳಲಾರದ ಈ ನೆಲದಲ್ಲಿ ಅಲ್ಲಿನ ರೈತರು ‘ಕಿನೋವಾ ರಿಯಲ್’ ಎಂಬ ದಪ್ಪಕಾಳಿನ ಕಿನೋವಾವನ್ನು ತಲೆತಲಾಂತರದಿಂದ ಬೆಳೆದುಕೊಂಡು ಬಂದಿದ್ದಾರೆ. ಈ ಸಸ್ಯ ರಾಗಿ, ಜೋಳ, ಗೋಧಿಗಳಂತೆ ಹುಲ್ಲಿನ ಕುಟುಂಬಕ್ಕೆ ಸೇರಿದ್ದಲ್ಲ. ದಂಟು, ರಾಜಗಿರಿ, ಪಾಲಕ್, ಬೀಟ್‌ರೂಟ್‌ಗಳ ಕುಟುಂಬದ್ದು. ಕನ್ನಡನಾಡಿನ ಅಡುಗೆಮನೆಗೆ ಪರಿಚಿತವಾದ ಚಕ್ಕೋತ ಸೊಪ್ಪು ಇದಕ್ಕೆ ಇನ್ನೂ ಹತ್ತಿರದ ಬಂಧು. ಎರಡೂ ಚೀನೋಪೋಡಿಯಮ್ ಎಂಬ ಒಂದೇ ಕುಲಕ್ಕೆ ಸೇರುತ್ತವೆ.

ಕಿನೋವಾ ಕಾಳಿನ ಪೌಷ್ಟಿಕತೆಗೆ ಕಾರಣ ಅದರ ರಚನೆಯಲ್ಲಿಯೇ ಇದೆ. ಅಕ್ಕಿಯ ಮೊಳಕೆಯ ಭಾಗ, ಅಂದರೆ ಭ್ರೂಣ, ಕಾಳಿನ ಒಂದು ಮೂಲೆಯಲ್ಲಿ ಸಣ್ಣದಾಗಿ ಕುಳಿತಿದ್ದು ಪಾಲಿಶ್ ಮಾಡುವಾಗ ತವುಡಿನೊಂದಿಗೆ ಹೊರಟುಹೋಗುತ್ತದೆ. ಕಿನೋವಾದಲ್ಲಿಯಾದರೋ ಭ್ರೂಣವು ಪಿಷ್ಟದ ತಿರುಳನ್ನು ಉಂಗುರದಂತೆ ಸುತ್ತುವರಿದಿರುತ್ತದೆ, ಬೇಯಿಸಿದಾಗ ಕಾಳಿನಿಂದ ಬಿಚ್ಚಿಕೊಳ್ಳುವ ಬಿಳಿಯ ಎಳೆ ಅದೇ. ಪ್ರೋಟೀನು ಹೆಚ್ಚಾಗಿ ಈ ಭ್ರೂಣದಲ್ಲಿಯೇ ಶೇಖರವಾಗುವುದರಿಂದ 100 ಗ್ರಾಂ ಒಣ ಕಾಳಿನಲ್ಲಿ ಸುಮಾರು 14 ಗ್ರಾಂ ಪ್ರೋಟೀನು ದೊರೆಯುತ್ತದೆ. ಏಕದಳ ಧಾನ್ಯಗಳಲ್ಲಿ ಕೊರತೆಯಾಗಿ ಕಾಣುವ ಲೈಸೀನ್ ಎಂಬ ಅಮೈನೋ ಆಮ್ಲವೂ ಅದರಲ್ಲಿ ಸಾಕಷ್ಟಿದೆ. ಆದರೆ ಇದನ್ನು ಸರ್ವಗುಣಸಂಪನ್ನ ಆಹಾರವೆಂದು ಮಾರುವವರ ಮಾತನ್ನು ಪೂರ್ತಿಯಾಗಿ ಒಪ್ಪಲಾಗದು. ಅದೇ 100 ಗ್ರಾಂನಲ್ಲಿ ಕ್ಯಾಲ್ಸಿಯಂ ಇರುವುದು 50 ಮಿಲಿಗ್ರಾಂನ ಆಸುಪಾಸಿನಲ್ಲಿ, ರಾಗಿಯಲ್ಲಾದರೆ 300 ಮಿಲಿಗ್ರಾಂಗೂ ಹೆಚ್ಚು. ರಾಗಿ ಉಣ್ಣುವವರು ಮುದ್ದೆಯನ್ನು ಬಿಟ್ಟು ದುಬಾರಿ ಕಿನೋವಾಕ್ಕೆ ಬದಲಾಯಿಸಿಕೊಳ್ಳಬೇಕಾದ ಅಗತ್ಯ ಏನೂ ಇಲ್ಲ.

ಸೌದಿ ಅರೇಬಿಯಾದ ಕಿಂಗ್ ಅಬ್ದುಲ್ಲಾ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಮಾರ್ಕ್ ಟೆಸ್ಟರ್ ಅವರ ನೇತೃತ್ವದ ಅಂತರರಾಷ್ಟ್ರೀಯ ತಂಡವೊಂದು ಚಿಲಿಯ ಕರಾವಳಿ ಮೂಲದ ತಳಿಯನ್ನು ಆರಿಸಿಕೊಂಡು, ಕಿನೋವಾದ ಜೀನೋಮನ್ನು, ಅಂದರೆ ಸಸ್ಯದ ಸಮಗ್ರ ಆನುವಂಶಿಕ ಮಾಹಿತಿಯನ್ನು, 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಮನುಷ್ಯನಲ್ಲಿ ಪ್ರತಿ ವರ್ಣತಂತುವಿನ ಎರಡು ಪ್ರತಿಗಳಿದ್ದರೆ ಕಿನೋವಾದ 36 ವರ್ಣತಂತುಗಳು ನಾಲ್ಕು ಕಟ್ಟುಗಳಾಗಿವೆ. ಲಕ್ಷಾಂತರ ವರ್ಷಗಳ ಹಿಂದೆ ಎರಡು ಬೇರೆ ಬೇರೆ ಕಾಡುಜಾತಿಗಳು ಬೆರೆತು, ಎರಡರ ವರ್ಣತಂತುಗಳೂ ಪೂರ್ಣವಾಗಿ ಉಳಿದುಕೊಂಡದ್ದೇ ಇದಕ್ಕೆ ಕಾರಣ. ಒಂದೇ ಕೆಲಸಕ್ಕೆ ಎರಡೆರಡು ಮೂಲದ ವಂಶವಾಹಿಗಳಿರುವುದರಿಂದ ಯಾವುದು ಯಾವ ಗುಣವನ್ನು ನಿಯಂತ್ರಿಸುತ್ತದೆ ಎಂದು ಬಿಡಿಸಿ ಹೇಳುವುದು ಈ ಬೆಳೆಯಲ್ಲಿ ಕಷ್ಟ.

ಆದರೂ ಒಂದು ಗುಣದ ಮೂಲ ಸ್ಪಷ್ಟವಾಗಿಯೇ ಸಿಕ್ಕಿತು. ಕಿನೋವಾ ಕಾಳಿನ ಹೊರಸಿಪ್ಪೆಯಲ್ಲಿ ಸಪೋನಿನ್ ಎಂಬ ಕಹಿ ಪದಾರ್ಥವಿದ್ದು, ಅಂಟುವಾಳದ ಕಾಯಿಯಂತೆಯೇ ನೀರಿನಲ್ಲಿ ನೊರೆ ಏಳಿಸುತ್ತದೆ. ಕಾಳನ್ನು ಉಜ್ಜಿ ತೊಳೆಯದೆ ತಿನ್ನಲಾಗುವುದಿಲ್ಲ. ಸಪೋನಿನ್ ತಯಾರಿಕೆಯನ್ನು ಚಾಲೂ ಮಾಡುವ ಒಂದು ವಂಶವಾಹಿಯನ್ನು ಆ ತಂಡ ಗುರುತಿಸಿತು. ಸಿಹಿ ತಳಿಗಳಲ್ಲಿ ಅದರ ಒಂದೇ ಒಂದು ‘ಅಕ್ಷರ’ ಬದಲಾಗಿ, ಅದರಿಂದ ಹುಟ್ಟುವ ಪ್ರೋಟೀನು ಅರ್ಧಕ್ಕೇ ನಿಂತುಬಿಡುತ್ತದೆ. ಕಹಿಯಿಲ್ಲದ ತಳಿಗೆ ಹಕ್ಕಿಗಳ ಕಾಟ ಹೆಚ್ಚು ಎಂಬುದನ್ನು ಮಾತ್ರ ತಳಿ ರೂಪಿಸುವವರು ಮರೆಯುವಂತಿಲ್ಲ.

ಉಪ್ಪಿನ ಸಹಿಷ್ಣುತೆಯ ಕಥೆ ಇಷ್ಟು ಸರಳವಾಗಿಲ್ಲ. ಕಿನೋವಾದ ಎಳೆ ಎಲೆಗಳ ಮೇಲೆ ಹಿಟ್ಟು ಚಿಮುಕಿಸಿದಂತೆ ಬಿಳಿಯ ಪುಡಿ ಕಾಣುತ್ತದೆ. ಚಕ್ಕೋತ ಸೊಪ್ಪಿನ ಎಳೆ ಎಲೆಯ ಅಡಿಭಾಗವನ್ನು ಬೆರಳಿನಿಂದ ಸವರಿದರೂ ಅದೇ ಪುಡಿ ಕೈಗೆ ಹತ್ತುತ್ತದೆ. ಸೂಕ್ಷ್ಮದರ್ಶಕದಲ್ಲಿ ಅವು ನೀರು ತುಂಬಿದ ಗುಳ್ಳೆಗಳು, ಒಂದೊಂದೂ ಒಂದೇ ಜೀವಕೋಶ. ಸಸ್ಯವು ಬೇರಿನಿಂದ ಏರಿಬಂದ ಹೆಚ್ಚುವರಿ ಸೋಡಿಯಂ ಅನ್ನು ಈ ಗುಳ್ಳೆಕೋಶಗಳಲ್ಲಿ ತುಂಬಿಟ್ಟು ಎಲೆಯ ಉಳಿದ ಭಾಗವನ್ನು ಕಾಪಾಡಿಕೊಳ್ಳುತ್ತದೆ ಎಂಬ ವಿವರಣೆ ದಶಕಗಳ ಕಾಲ ಚಾಲ್ತಿಯಲ್ಲಿತ್ತು, ಮತ್ತು ಗುಳ್ಳೆಗಳನ್ನು ಕುಂಚದಿಂದ ಉಜ್ಜಿ ತೆಗೆದಾಗ ಸಸ್ಯದ ಸಹಿಷ್ಣುತೆ ಕುಗ್ಗಿದ್ದನ್ನು ಕಂಡ ಪ್ರಯೋಗ ಅದನ್ನು ಇನ್ನಷ್ಟು ಗಟ್ಟಿಗೊಳಿಸಿತ್ತು. ಆದರೆ ಉಜ್ಜುವಾಗ ಎಲೆಗೆ ಗಾಯವಾಗುವ ಸಂಭವವೂ ಇದೆ. ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ದಾರಿ ಹಿಡಿದು, ವಂಶವಾಹಿಯ ಮಾರ್ಪಾಟಿನಿಂದಾಗಿ ಗುಳ್ಳೆಗಳೇ ಮೂಡದ ಸಸ್ಯಗಳನ್ನು ಪಡೆದು ಉಪ್ಪುನೀರಿನಲ್ಲಿ ಬೆಳೆಸಿದಾಗ, ಅವು ಸಾಮಾನ್ಯ ಸಸ್ಯಗಳಿಗೆ ಸರಿಸಮನಾಗಿ ಉಪ್ಪನ್ನು ತಾಳಿಕೊಂಡವು. ಆದರೆ ಥ್ರಿಪ್ಸ್ ನುಸಿಗಳಂಥ ಕೀಟಗಳಿಗೆ ಸುಲಭವಾಗಿ ತುತ್ತಾದವು. 2022 ಮತ್ತು 2023ರಲ್ಲಿ ಪ್ರಕಟವಾದ ಈ ಫಲಿತಾಂಶಗಳ ಪ್ರಕಾರ ಗುಳ್ಳೆಗಳ ಮುಖ್ಯ ಕೆಲಸ ಕೀಟ ಮತ್ತು ರೋಗಾಣುಗಳಿಂದ ರಕ್ಷಣೆ. ಪಠ್ಯಪುಸ್ತಕದಷ್ಟು ಅಚ್ಚುಕಟ್ಟಾಗಿದ್ದ ವಿವರಣೆಯನ್ನು ಪ್ರಶ್ನಿಸುವ ಧೈರ್ಯ ತೋರಿದ ಈ ಕೆಲಸ ಕಿನೋವಾ ಸಂಶೋಧನೆಯಲ್ಲಿ ಇತ್ತೀಚಿನ ಅತ್ಯಂತ ಮಹತ್ವದ ಹೆಜ್ಜೆಯೆನ್ನಬೇಕು.

ಹಾಗಾದರೆ ಕಿನೋವಾ ಉಪ್ಪನ್ನು ತಾಳುವುದು ಹೇಗೆ? ಸೋಡಿಯಂ ಅನ್ನು ಪ್ರತಿ ಜೀವಕೋಶದೊಳಗಿನ ರಸದಾನಿಗೆ ಸಾಗಿಸಿ ಕೂಡಿಹಾಕುವುದು, ಪೊಟ್ಯಾಸಿಯಂ ಸೋರಿಹೋಗದಂತೆ ಹಿಡಿದಿಟ್ಟುಕೊಳ್ಳುವುದು, ಕೋಶದೊಳಗಿನ ನೀರನ್ನು ಉಳಿಸಿಕೊಳ್ಳಲು ಬೀಟೈನ್, ಪ್ರೋಲೀನ್‌ಗಳಂಥ ನಿರಪಾಯಕಾರಿ ಪದಾರ್ಥಗಳನ್ನು ತಯಾರಿಸುವುದು, ಎಲೆಯ ಪತ್ರರಂಧ್ರಗಳ ಸಂಖ್ಯೆ ತಗ್ಗಿಸಿ ನೀರಿನ ನಷ್ಟವನ್ನು ಕಡಿಮೆಮಾಡುವುದು ಇವೆಲ್ಲವೂ ಕೂಡಿಯೇ ನಡೆಯುತ್ತವೆ. ಕಹಿಗೆ ಒಂದು ವಂಶವಾಹಿ ಸಾಕಾದಲ್ಲಿ, ಇಲ್ಲಿ ಹಲವು ವಂಶವಾಹಿಗಳು ಒಂದಕ್ಕೊಂದು ಹೊಂದಿಕೊಂಡು ದುಡಿಯುತ್ತವೆ. ಆದ್ದರಿಂದ ಕಿನೋವಾದ ‘ಉಪ್ಪಿನ ವಂಶವಾಹಿ’ಯನ್ನು ಕಿತ್ತು ಭತ್ತಕ್ಕೆ ಸೇರಿಸಿದರೆ ಸವಳು ಭೂಮಿಯ ಸಮಸ್ಯೆ ಮುಗಿಯಿತೆಂಬ ನಿರೀಕ್ಷೆಗೆ ಆಧಾರವಿಲ್ಲ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಅತಿನೀರಾವರಿಯಿಂದ ಸವಳು-ಜವಳಾದ ಹೊಲಗಳಿಗೆ ಬಸಿಗಾಲುವೆಯೇ ಇಂದಿಗೂ ಮೊದಲ ಚಿಕಿತ್ಸೆ.

ಹಲವು ವಂಶವಾಹಿಗಳ ಗುಣವನ್ನು ಸುಧಾರಿಸಲು ಬೇಕಾಗುವುದು ತಳಿವೈವಿಧ್ಯ. ಉಪ್ಪುಬಯಲಿನದು, ಕಣಿವೆಯದು, ಎತ್ತರದ ಪ್ರಸ್ಥಭೂಮಿಯದು, ಕರಾವಳಿಯದು, ತೇವದ ಇಳಿಜಾರಿನದು ಎಂದು ವಿಂಗಡಿಸಲಾಗುವ ಕಿನೋವಾದ ಐದು ಬಗೆಗಳನ್ನು ಸಾವಿರಾರು ವರ್ಷ ಆರಿಸಿ ಉಳಿಸಿದವರು ಆಂಡೀಸಿನ ಅಯ್ಮಾರಾ, ಕೆಚುವಾ ಮೊದಲಾದ ಜನಸಮುದಾಯಗಳ ರೈತರು. ಅವರ ಈ ಸ್ವತ್ತಿನ ಮೇಲೆ ಹೊರಗಿನವರ ಹಕ್ಕು ಬಿದ್ದದ್ದೂ ಉಂಟು. ‘ಅಪೆಲಾವಾ’ ಎಂಬ ಬೊಲಿವಿಯಾದ ಸಾಂಪ್ರದಾಯಿಕ ತಳಿಯಲ್ಲಿ ಕಂಡುಬಂದ ಪುರುಷಬಂಜೆತನದ ಗುಣಕ್ಕೆ, ಅಂದರೆ ಪರಾಗ ಫಲಕಾರಿಯಾಗದ, ಸಂಕರ ಬೀಜೋತ್ಪಾದನೆಗೆ ಉಪಯುಕ್ತವಾದ ಗುಣಕ್ಕೆ, ಅಮೆರಿಕದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 1994ರಲ್ಲಿ ಪೇಟೆಂಟ್ ಪಡೆದಿದ್ದರು. ಬೊಲಿವಿಯಾದ ಕಿನೋವಾ ಬೆಳೆಗಾರರ ಸಂಘ ಇದನ್ನು ಪ್ರಬಲವಾಗಿ ವಿರೋಧಿಸಿತು. 1998ರಲ್ಲಿ ಆ ಪೇಟೆಂಟನ್ನು ಕೈಬಿಡಲಾಯಿತು.